ಕೆಳದರ್ಜೆ ಸರಕಿಗೆ ಒಂದು ಉದಾಹರಣೆ

ಪುಸ್ತಕದಲ್ಲಿ ಎರಡೇ ಸಾಲಿಗೆ ಮುಗಿಯುವ ವಿಷಯ, ನಾನು ಬಾಯಿ ಬಿಟ್ಟರೆ ಸಾಕು, ಯಾರದ್ದಾದರೂ ಮರ್ಯಾದೆಗೆ ಹೋಗಿ ತಾಗುತ್ತದೆ. ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಅಂತ ನೋಡಲು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಸೋಮವಾರ ನನ್ನ ತರಗತಿಯಲ್ಲಿ ಬಂದು ಕೂರುವವರಿದ್ದರು. ಅವತ್ತಿನ ಪಾಠ ಕೆಳದರ್ಜೆ ಸರಕು. ಅಂದರೆ, ಜನರ ಆದಾಯ ಏರಿದಾಗ ಯಾವುದರ ಬೇಡಿಕೆ ಇಳಿಯುತ್ತದೋ ಅದು. ಒಂದು ಒಳ್ಳೆಯ ಉದಾಹರಣೆ ಬೇಕಿತ್ತು, ಅಷ್ಟೇ. ಅದೊಂದಕ್ಕಾಗಿ ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

೧. ರಾಗಿ

ಮೊದಲೇ ಒಂದು ಸಲ ಪರೀಕ್ಷೆ ಮಾಡಿಕೊಳ್ಳೋಣ ಅಂತ ಬುಧವಾರ ಅದೇ ತರಗತಿಯಲ್ಲಿ, “ಹಿಂದೆ ಕಡಿಮೆ ಆದಾಯದವರು ರಾಗಿ ತಿನ್ನುತ್ತಿದ್ದರು, ಸಂಬಳ ಏರಿದಂತೆ ಅಕ್ಕಿಗೆ ಹೋದರು” ಅಂದೆ.

ಹಿಂದಿನ ಬೆಂಚಿನಿಂದ ಜಕ್ಕೂರಿನ ಹುಡುಗಿ ಎದ್ದಳು. ಅವಳು ಎದ್ದಳೆಂದರೆ ನನ್ನ ಪಾಠ ಅಲ್ಲಿಗೆ ನಿಂತಂತೆ.

“ಮ್ಯಾಮ್, ನಮ್ಮಪ್ಪ ಒಂದು ಸೈಟ್ ಮಾರಿ ದೊಡ್ಡ ಕಾರ್ ತಗೊಂಡ್ರು. ಈಗ್ಲೂ ಎರಡು ಹೊತ್ತೂ ಮುದ್ದೆ ಬೇಕೇ ಬೇಕು.”

“ಅದು... ಅಭ್ಯಾಸ ಇರಬಹುದು.”

“ಅದೂ ಅಲ್ದೆ, ನಮ್ಮ ಪಕ್ಕದ ಅಪಾರ್ಟ್‌ಮೆಂಟ್‌ನಲ್ಲಿ ರಾಗಿ ಬಿಸ್ಕತ್ತು ಮಾರ್ತಾರೆ ಮ್ಯಾಮ್. ಅದನ್ನ ದಿನಾ ತಿನ್ಬೇಕು ಅಂದ್ರೆ ಅಪ್ಪ ಇನ್ನೊಂದು ಸೈಟ್ ಮಾರ್ಬೇಕು.”

೨. ಎಣ್ಣೆ

ಉದಾಹರಣೆ ಮನೆಯಲ್ಲೇ ಹುಡುಕೋಣ ಅಂತ ಅಡುಗೆಮನೆಗೆ ಹೋದೆ. ನಾನು ದುಡಿಯೋಕೆ ಶುರು ಮಾಡಿದ ಮೇಲೆ ಪಾಮಾಯಿಲ್ ಹೋಗಿ ಸೂರ್ಯಕಾಂತಿ ಎಣ್ಣೆ ಬಂದಿತ್ತು. ಇದಕ್ಕಿಂತ ಬೇಕಾ! ಬರೆದುಕೊಂಡೆ. ಅಮ್ಮ ಭುಜದ ಮೇಲಿಂದ ಬಗ್ಗಿ ನೋಡಿದಳು.

“ಇದನ್ನ ಯಾರ ಮುಂದೆ ಓದ್ತೀಯ?”

“ಕಾರ್ಯದರ್ಶಿಗಳ ಮುಂದೆ.”

“ಹೊಡೆದುಹಾಕು. ಮೊದ್ಲು ಹೊಡೆದುಹಾಕು!”

“ಯಾಕಮ್ಮ, ನಿಜ ತಾನೆ?”

ಅಮ್ಮ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. “ನಿನ್ನ ಸಂಬಳದಿಂದ ಬದಲಾಗಿದ್ದು ಡಬ್ಬ ಮಾತ್ರ ಕಣೇ. ನೆಂಟರ ಕಣ್ಣಿಗೆ ಕಾಣ್ಲಿ ಅಂತ ಇಟ್ಟಿದೀನಿ. ಒಳಗಿರೋದು ಹಳೇದೇ. ನೀನು ಕಾಯಂ ಆಗು, ಎಣ್ಣೇನೂ ಬದಲಾಯಿಸ್ತೀನಿ.”

೩. ನುಚ್ಚಕ್ಕಿ

ಶನಿವಾರ ಕೊಡಿಗೇಹಳ್ಳಿಯ ನಮ್ಮ ಬೀದಿಯ ದಿನಸಿ ಅಂಗಡಿಗೆ ಹೋದೆ. ಅಂಗಡಿಯ ತಾತ ಊರು ಊರಾಗಿದ್ದಾಗಿನಿಂದ ಅಲ್ಲೇ ಕೂತವರು. ಬೇರೆ ಗಿರಾಕಿಗಳು ಹೋಗುವವರೆಗೂ ಬೆಂಕಿಪೊಟ್ಟಣ ನೋಡುತ್ತಾ ನಿಂತಿದ್ದು, ಮೆಲ್ಲಗೆ ಕೇಳಿದೆ: “ತಾತ, ಈಗ ನುಚ್ಚಕ್ಕಿ ಯಾರಾದ್ರೂ ತಗೊಳ್ತಾರಾ?”

ತಾತ ನನ್ನ ಮುಖ ನೋಡಿದರು. “ಯಾಕವ್ವ, ಮನೇಲಿ ಕಷ್ಟವಾ?”

“ಇಲ್ಲ ತಾತ, ಪಾಠಕ್ಕೆ.”

“ಎಲ್ರೂ ಇಂಗೇ ಏನಾರಾ ಒಂದು ಏಳ್ತಾರೆ. ನಾಚ್ಕೋಬ್ಯಾಡ.” ಒಂದು ಕೆಜಿ ಕಟ್ಟಿ ಕೈಗಿಟ್ಟರು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ. “ಮೊದ್ಲು ಬಡವ್ರು ತಗೋತಿದ್ರು. ಈಗ ಕಾರಲ್ಲಿ ಬರೋರು ಐದೈದು ಕೆಜಿ ಒಯ್ತಾರೆ.”

“ಅಷ್ಟೊಂದಾ? ಉಪ್ಪಿಟ್ಟಿಗಾ?”

“ನಾಯಿಗೆ.” ನನ್ನ ಮುಖ ಸಣ್ಣಗಾಗಿದ್ದು ಕಂಡು ತಕ್ಷಣ ಸಮಾಧಾನ ಹೇಳಿದರು: “ನಿಂಗೆ ಕೊಟ್ಟಿರೋದು ಅದಲ್ಲ ಕಣವ್ವ. ಅದ್ಕಿಂತ ಒಂಚೂರು ಒಳ್ಳೇದು.”

೪. ಸೋಮವಾರ

ಕಾರ್ಯದರ್ಶಿಗಳು ಜಕ್ಕೂರಿನ ಹುಡುಗಿಯ ಪಕ್ಕದಲ್ಲೇ ಹೋಗಿ ಕೂತರು. ಉದಾಹರಣೆ ಒಂದೂ ಉಳಿದಿರಲಿಲ್ಲವಲ್ಲ, ನನ್ನನ್ನೇ ಮುಂದಿಟ್ಟೆ. “ಸಂಬಳ ಬಂದ ವಾರ ನಾನು ಆಟೋದಲ್ಲಿ ಬರ್ತೀನಿ. ಆಮೇಲೆ ತಿಂಗಳಿಡೀ ಬಸ್ಸು. ಕೈಯಲ್ಲಿ ದುಡ್ಡಿದ್ದಾಗ ನಾನು ಯಾವುದನ್ನ ಬಿಡ್ತೀನಿ?”

“ಬಸ್ಸು!” ಇಡೀ ತರಗತಿ ಕೂಗಿತು. ನನಗೇ ನಂಬಲಾಗಲಿಲ್ಲ.

ಕಾರ್ಯದರ್ಶಿಗಳಿಗೂ ಹುರುಪು ಬಂತು. “ಚೆನ್ನಾಗಿದೆ. ಈಗ ನಮ್ಮ ಕಾಲೇಜಿನೊಳಗಿಂದಲೇ ಒಂದು ಉದಾಹರಣೆ ಕೊಡಿ ನೋಡೋಣ.”

ಜಕ್ಕೂರಿನ ಹುಡುಗಿ ಎದ್ದಳು. “ಟೆಂಪರರಿ ಲೆಕ್ಚರರ್ಸ್, ಸರ್.”

ಕಾರ್ಯದರ್ಶಿಗಳು ಅವಳ ಕಡೆ ತಿರುಗಿ ಕೂತರು.

“ಕಾಲೇಜಿಗೆ ಆದಾಯ ಜಾಸ್ತಿ ಆದ್ರೆ ಪರ್ಮನೆಂಟ್ ಆಗಿ ಇರೋರನ್ನ ತಗೋತೀರ. ಟೆಂಪರರಿ ಅವ್ರಿಗೆ ಬೇಡಿಕೆ ಇಳಿಯತ್ತೆ. ಅಲ್ವಾ ಸರ್?”

ಕಾರ್ಯದರ್ಶಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಎಷ್ಟು ಚೆನ್ನಾಗಿ ಅರ್ಥ ಮಾಡಿಸಿದ್ದೀರಿ ಮೇಡಂ!” ಅಂದು ಹೋದರು. ನಾನು ಸಂಜೆಯವರೆಗೂ ಸ್ಟಾಫ್ ರೂಮಿನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದೆ. ಕೊನೆಗೆ ಪತ್ರ ಬಂತು. “ತಮ್ಮ ಬೋಧನೆ ಅತ್ಯುತ್ತಮ. ಆದರೆ ಈ ವರ್ಷ ಕಾಲೇಜಿನ ಆದಾಯ ಹೆಚ್ಚದೇ ಇರುವುದರಿಂದ ತಮ್ಮನ್ನು ಇನ್ನೊಂದು ವರ್ಷ ತಾತ್ಕಾಲಿಕವಾಗಿಯೇ ಮುಂದುವರಿಸಲಾಗಿದೆ.”

ಗೇಟಿನಲ್ಲಿ ಜಕ್ಕೂರಿನ ಹುಡುಗಿ ಕಾಯುತ್ತಿದ್ದಳು. ಇನ್ನೊಂದು ವರ್ಷ ಹೀಗೇ ಅಂತೆ ಅಂದೆ. ಅವಳ ಮುಖ ಅರಳಿತು.

“ಸದ್ಯ ಮ್ಯಾಮ್, ನೀವು ಎಲ್ಲೂ ಹೋಗಲ್ಲ! ಕಾಲೇಜಿಗೆ ಆದಾಯ ಜಾಸ್ತಿ ಆಗ್ಬಾರ್ದು ಅಂತಾನೇ ನಾನಿನ್ನೂ ಎರಡನೇ ಕಂತಿನ ಫೀಸ್ ಕಟ್ಟಿಲ್ಲ.”