ಸೋಸಿದ ನೀರು, ವಿಮಾನದ ಪಂಪು

ತಿಳಿದವನಿಗೆ ಅಂಟುವ ದೊಡ್ಡ ರೋಗವೆಂದರೆ, ಕೇಳದವರಿಗೂ ತಿಳಿಸುವುದು. ನನಗೆ ಇದು ಬಹಳ ಹಳೆಯದು. ವಿಮಾನದ ಇಂಜಿನ್ನಿಗೆ ಇಂಧನ ತಳ್ಳುವ ಪಂಪುಗಳನ್ನು ಬಿಚ್ಚಿ ಜೋಡಿಸುತ್ತಲೇ ಹೈದರಾಬಾದಿನಲ್ಲಿ ನೌಕರಿ ಮುಗಿಸಿ ಜಹೀರಾಬಾದಿಗೆ ಬಂದವನು ನಾನು. ಇಲ್ಲಿ ಟ್ರ್ಯಾಕ್ಟರ್ ಬಲ್ಲವರು ಓಣಿಗೆ ಹತ್ತು ಮಂದಿ. ವಿಮಾನ ಬಲ್ಲವನು ನಾನೊಬ್ಬನೇ. ಹೀಗಾಗಿ ನನ್ನನ್ನು ತಿದ್ದುವವರೂ ಇಲ್ಲ.

ಮೊನ್ನೆ ಸೋಮವಾರ ನಮ್ಮ ಮನೆಯಲ್ಲಿ ಗುರುಗಳಾದ ಅಯ್ಯನವರ ಪಾದಪೂಜೆ. ಹತ್ತಕ್ಕೆ ಅವರು ಬರಬೇಕು, ನಲವತ್ತು ಜನ ಊಟಕ್ಕೆ. ಎಂಟಕ್ಕೆ ನೋಡಿದರೆ ಮೇಲಿನ ಟ್ಯಾಂಕು ಖಾಲಿ. ಮೋಟರು ಹಾಕಿದರೆ ಸಂಪಿನ ನೀರು ಏರದೆ, ಬೆಣಚುಕಲ್ಲು ಅಗಿದಂತೆ ಕರಕರ ಸದ್ದು. ಹೆಂಡತಿಗೆ ಗಾಬರಿಯಾಯಿತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಅದು ಅಪ್ಪಟ ಕ್ಯಾವಿಟೇಷನ್, ಪಂಪಿನೊಳಗೆ ಗುಳ್ಳೆ ಎದ್ದು ಒಡೆಯುವ ಸದ್ದು.

ಕಂಗ್ಟಿಯಿಂದ ಬಂದಿದ್ದ ನನ್ನ ಷಡ್ಡಕರನ್ನು ಕೂಡಿಸಿಕೊಂಡು ವಿವರಿಸಿದೆ. ಪಂಪಿನ ಬಾಯಿಗೆ ಇಂಧನ ಸಾಲದಾದರೆ ಅಲ್ಲಿ ಒತ್ತಡ ಕುಸಿಯುತ್ತದೆ. ಕುಸಿದರೆ ತಣ್ಣಗಿದ್ದ ಇಂಧನವೂ ಕುದ್ದು ಗುಳ್ಳೆ ಏಳುತ್ತದೆ. ಆ ಗುಳ್ಳೆಗಳು ಒತ್ತಡ ಹೆಚ್ಚಿರುವ ಕಡೆಗೆ ಹೋಗಿ ಪಟಪಟ ಒಡೆದು ಉಕ್ಕನ್ನೇ ಕೊರೆಯುತ್ತವೆ. ಆಕಾಶದಲ್ಲಿ ಗಾಳಿಯ ಒತ್ತಡವೇ ಕಡಿಮೆ. ಅದಕ್ಕೇ ವಿಮಾನದ ಟ್ಯಾಂಕಿನೊಳಗೆ ಇನ್ನೊಂದು ಪಂಪು ಇಟ್ಟು, ಇಂಜಿನ್ನಿನ ಪಂಪಿಗೆ ಹಿಂದಿನಿಂದ ಉಣಿಸುತ್ತಾರೆ.

"ಅಣ್ಣಾರ, ನಿಮ್ಮ ಸಂಪು ಅಷ್ಟೇನೂ ಎತ್ತರದಾಗ ಇಲ್ಲಲ್ರಿ," ಎಂದರು ಷಡ್ಡಕರು.

ಒಂಬತ್ತಾಯಿತು. ಹೆಂಡತಿ ಅಡುಗೆಮನೆಯಿಂದ ಬಂದು, "ಬಾಯಿಗೆ ಸಾಲವಲ್ದು ಅಂತ ನೀವೇ ಹೇಳ್ಲತ್ತೀರಿ. ಬಾಯಿಗೆ ಏನ್ ಅಡ್ಡ ಬಂದದ ಅಂತ ಯಾರರ ನೋಡೀರೇನು?" ಎಂದಳು.

ಷಡ್ಡಕರು ಸಂಪಿಗೆ ಬಗ್ಗಿ ಕೊಳವೆ ಎತ್ತಿದರು. ಅದರ ಬಾಯಿಗೆ, ಗಂಜಿ ಬಿಡದ ನನ್ನ ಹೊಸ ಧೋತರ, ನಾಲ್ಕು ಮಡಿಕೆ. ಪೂಜೆಗೆ ನೀರು ಸೋಸಿಯೇ ಹಿಡಿಯುವುದು ನಮ್ಮ ಮನೆತನದ ರೂಢಿ. ಕೊಡಕೊಡಕ್ಕೂ ಬಟ್ಟೆ ಹಿಡಿಯುವ ಬದಲು ಮೂಲದಲ್ಲೇ ಸೋಸಿದರಾಯಿತೆಂದು ಹಿಂದಿನ ಸಂಜೆ ನಾನೇ ಕಟ್ಟಿದ್ದೆ. ಅದು ಭಕ್ತಿ, ಇದು ಒತ್ತಡ. ಎರಡನ್ನೂ ಕೂಡಿಸಿ ನೋಡುವುದು ನನಗೆ ಹೊಳೆದಿರಲಿಲ್ಲ.

ಬಟ್ಟೆ ಬಿಚ್ಚಿ, ಕೊಳವೆಗೆ ನೀರು ತುಂಬಿ ಮೋಟರು ಹಾಕಿದೆವು. ಟ್ಯಾಂಕು ತುಂಬಿತು, ಅಯ್ಯನವರು ಬಂದರು, ಹೆಂಡತಿ ಕೈಯಾರೆ ಸೋಸಿದ ನೀರಿನಲ್ಲಿ ಪೂಜೆಯಾಯಿತು. ಊಟದ ಪಂಕ್ತಿಯಲ್ಲಿ ಯಾರೋ ನನ್ನ ವಿಮಾನದ ನೌಕರಿಯನ್ನು ಹೊಗಳಿದರು. ನಾನು ಉಬ್ಬಿ ವಿವರಿಸಲು ಹೊರಡುವಷ್ಟರಲ್ಲಿ, ಹೆಂಡತಿ ಸಾರು ಬಡಿಸುತ್ತ ತಣ್ಣಗೆ ಹೇಳಿದಳು: "ಇವರು ನೌಕರಿ ಮಾಡೂತನ ನಾವು ಕಾಶಿಗೂ ರೈಲಿನಾಗೇ ಹೋಗಿ ಬಂದೀವ್ರಿ. ಅದಕ್ಕೇ ಇವತ್ತು ನಿಮಗ ಬಡಸಾಕ ಉಳದೀವಿ."