ಹೊನ್ನಪ್ಪ ಸೋಲಲು ಹೊರಟ ದಿನ

ಉಮಾಪತಿಗೆ ಬಾಯಿ ಮುಚ್ಚಿಕೊಂಡು ಸಮೋಸಾ ತಿನ್ನಲು ಬಂದಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ.

ಕೊಲ್ಕತ್ತದ ನ್ಯೂ ಟೌನಿನಲ್ಲಿ ಅವನಿದ್ದ ಸರ್ಕಾರಿ ಕಂಪನಿಯ ಕಚೇರಿಗೆ ಬಿಲಿಯರ್ಡ್ಸ್ ಥರದ ಪೂಲ್ ಆಟದ ಹೊಸ ಟೇಬಲ್ ಬಂದಿತ್ತು. ಅವತ್ತು ಸಾಯಂಕಾಲವೇ ಉದ್ಘಾಟನೆ. ಕ್ಯಾಂಟೀನಿನಲ್ಲಿ ಎಲ್ಲರೂ ತಾವು ಹಿಂದೆ ಬಿಟ್ಟ ಆಟಗಳ ಪುರಾಣ ಬಿಚ್ಚಿದ್ದರು. ಕೊಲ್ಕತ್ತದಲ್ಲಿ ಆಟ ಆಡುವವರಿಗಿಂತ ಬಿಟ್ಟವರಿಗೇ ಮರ್ಯಾದೆ ಜಾಸ್ತಿ. ಒಬ್ಬನ ಮೊಣಕಾಲು ಕೈಕೊಡದಿದ್ದರೆ ಅವನು ಇಂಡಿಯಾಕ್ಕೆ ಫುಟ್‌ಬಾಲ್ ಆಡುತ್ತಿದ್ದ. ಇನ್ನೊಬ್ಬನಿಗೆ ಹೈಸ್ಕೂಲ್ ಪರೀಕ್ಷೆ ಅಡ್ಡ ಬರದಿದ್ದರೆ ಚೀನಾದವರು ಟೇಬಲ್ ಟೆನಿಸ್ ಮರೆತು ಓಡುತ್ತಿದ್ದರು. ಜನರಲ್ ಮ್ಯಾನೇಜರ್ ಪ್ರದ್ಯೋತ್ ಸಾನ್ಯಾಲರಂತೂ ಹತ್ತೊಂಬತ್ತನೇ ವಯಸ್ಸಿಗೇ ಪೂಲ್ ತ್ಯಜಿಸಿದ ಮಹಾಪ್ರತಿಭೆ. ಎದುರಾಳಿಗಳ ಮೇಲೆ ಕರುಣೆ ಬಂದು ನಿಲ್ಲಿಸಿದರಂತೆ.

"ಸಾರ್, ನಮ್ಮ ಹೊನ್ನಪ್ಪನೂ ಹಾಗೇ!" ಎಂದು ಉಮಾಪತಿ ಹಿಂದಿಯಲ್ಲಿ ಕೂಗಿಯೇಬಿಟ್ಟ. "ಕರ್ನಾಟಕದ ಜೂನಿಯರ್ ಚಾಂಪಿಯನ್ನು! ಕ್ರೀಡಾ ಕೋಟಾದಲ್ಲೇ ಕೆಲಸಕ್ಕೆ ಸೇರಿದ್ದು!"

ಹೊನ್ನಪ್ಪನ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಮಾತೇನೋ ನಿಜ. ಇಪ್ಪತ್ತೆರಡು ವರ್ಷದ ಹಿಂದೆ ಧಾರವಾಡದಲ್ಲಿ ಅವನು ಕೋಲು ಹಿಡಿದು ನಿಂತರೆ ನೋಡಲು ರಸ್ತೆಯ ಜನ ಒಳಗೆ ಬರುತ್ತಿದ್ದರು. ನೌಕರಿ ಕಾಯಂ ಆದ ಆದೇಶ ಕೈಗೆ ಬಂದ ಸಂಜೆಯೇ ಆಟ ಬಿಟ್ಟ. ಅದರಲ್ಲೇನು ತಪ್ಪು? ಕೂರಲು ಒಂದು ಸರ್ಕಾರಿ ಕುರ್ಚಿ ಸಿಗಲಿ ಅಂತಲೇ ತಾನೆ ನಮ್ಮಲ್ಲಿ ಜನ ಓಡುವುದು, ಜಿಗಿಯುವುದು!

"ಹಾಗಾದ್ರೆ ಸಾಯಂಕಾಲ ನೀನೇ ನನ್ನ ಎದುರಾಳಿ" ಎಂದರು ಸಾನ್ಯಾಲ್.

ಕಷ್ಟ ಏನೆಂದರೆ, ಹೊನ್ನಪ್ಪನ ಹುಬ್ಬಳ್ಳಿ ವರ್ಗಾವಣೆಯ ಅರ್ಜಿ ಇದೇ ಸಾನ್ಯಾಲರ ಮೇಜಿನ ಮೇಲಿತ್ತು. ಹೆಂಡತಿ ಇಂದಿರಾಗೆ ಹುಬ್ಬಳ್ಳಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಎರಡು ವರ್ಷ. ಅವಳೂ ಮಗಳೂ ಅಲ್ಲಿ. ಇವನು ಇಲ್ಲಿ ಟಾಲಿಗಂಜಿನ ಕ್ವಾರ್ಟರ್ಸಿನಲ್ಲಿ ಒಬ್ಬನೇ ಅನ್ನ ಸೀಯಿಸಿಕೊಂಡು. ದಿನಾ ವಿಡಿಯೋ ಕಾಲಿನಲ್ಲಿ ಮಗಳ ಮುಖ ನೋಡಿ ಫೋನ್ ಇಟ್ಟಮೇಲೆ ಆ ಮನೆಯಲ್ಲಿ ಕೂರಲು ಅವನಿಗೆ ಸಂಕಟವಾಗುತ್ತಿತ್ತು.

"ಲೋ, ಗೆದ್ದುಗಿದ್ದೀಯ, ಜೋಕೆ! ಅರ್ಜಿ ಕಸದಬುಟ್ಟಿಗೆ ಹೋಗತ್ತೆ" ಎಂದು ಉಮಾಪತಿ ಎಚ್ಚರಿಸಿದ, ಬೆಂಕಿ ಹಚ್ಚಿದವನು ತಾನಲ್ಲವೇ ಅಲ್ಲ ಎಂಬಂತೆ.

ಎಲ್ಲರಿಗೂ ದೀದಿಯಾದ ಸ್ಟೆನೋ ತೃಪ್ತಿದೀ ದನಿ ತಗ್ಗಿಸಿದಳು. "ಬೇಕಂತ ಸೋತಿದ್ದು ಗೊತ್ತಾಗಬಾರದು, ದಾದಾ. ಹೋದ ವರ್ಷ ಕೇರಂನಲ್ಲಿ ಹಾಗೆ ಸೋತವನನ್ನ ಸಾಹೇಬರು ದೂರದ ಸಿಲಿಗುರಿಗೆ ಎಸೆದರು."

"ಮತ್ತೆ ಗೆದ್ದವನು?"

"ಅವನು ಇನ್ನೂ ಆಚೆ ಹೋದ."

ಇಂದಿರಾಗೆ ಫೋನ್ ಮಾಡಿದರೆ ಅವಳದು ಒಂದೇ ಮಾತು. "ಸುಮ್ಮನ ಸೋತು ಬರ್ರಿ. ಗೆದ್ದು ಕಪ್ ತಂದ್ರ ಆ ಕಪ್ಪಿನ ಜೋಡೀನ ಸಂಸಾರ ಮಾಡ್ರಿ."

ಐದು ಗಂಟೆಗೆ ಇಡೀ ಆಫೀಸು ಟೇಬಲ್ಲಿನ ಸುತ್ತ ನೆರೆಯಿತು. ಆಟ ಸರಳ: ಒಬ್ಬನಿಗೆ ಪಟ್ಟೆಯ ಏಳು ಚೆಂಡು, ಇನ್ನೊಬ್ಬನಿಗೆ ಪಟ್ಟೆ ಇಲ್ಲದ ಏಳು. ಬಿಳಿ ಚೆಂಡಿನಿಂದ ಹೊಡೆದು ತನ್ನವನ್ನೆಲ್ಲ ತೂತಿಗೆ ಕೆಡವಿ ಕೊನೆಗೆ ಕರಿ ಚೆಂಡು ಕೆಡವಿದವನು ಗೆದ್ದ.

ಹೊನ್ನಪ್ಪ ಗುರಿ ತಪ್ಪಿಸಬೇಕೆಂದೇ ಹೊಡೆದ. ಪಾಪಿ ಕೈ ಏನನ್ನೂ ಮರೆತಿರಲಿಲ್ಲ, ಎರಡು ಚೆಂಡು ಬಿದ್ದವು. ಸಾನ್ಯಾಲರ ಮುಖ ಕೆಂಪಾಯಿತು. ಅವರು ಹೊಡೆದರು, ಬಿಳಿ ಚೆಂಡು ಟೇಬಲ್ ಹಾರಿ ತೃಪ್ತಿದೀಯ ಮಡಿಲು ಸೇರಿತು. ಅರ್ಧ ಗಂಟೆಯಾದರೂ ಅವರದೊಂದು ಚೆಂಡೂ ಬೀಳಲಿಲ್ಲ. ಮಹಾಪ್ರತಿಭೆ ಅಷ್ಟು ಬೇಗ ಆಟ ಬಿಟ್ಟದ್ದೇಕೆಂದು ನೆರೆದವರಿಗೆಲ್ಲ ಅರ್ಥವಾಯಿತು.

ಹೊನ್ನಪ್ಪ ಬೆವೆತ. ತಾನು ಎಷ್ಟು ತಪ್ಪಿಸಿದರೇನು, ಈ ಮನುಷ್ಯ ಗೆಲ್ಲಬೇಕಲ್ಲ! ಇವರ ಚೆಂಡುಗಳನ್ನೂ ತಾನೇ ಕೆಡವಬೇಕು, ಅದೂ ಯಾರಿಗೂ ತಿಳಿಯದ ಹಾಗೆ. ತನ್ನ ಚೆಂಡಿಗೆ ಹೊಡೆದ. ಅದು ಅಂಚಿಗೆ ಬಡಿದು, ತಿರುಗಿ ಬಂದು, ಸಾನ್ಯಾಲರ ಚೆಂಡನ್ನು ಮೆಲ್ಲಗೆ ಒಳಗೆ ತಳ್ಳಿತು.

"ಅಯ್ಯಯ್ಯೋ, ನಿಮ್ಮದು ಬಿತ್ತಲ್ಲ ಸಾರ್!"

ಒಂದಲ್ಲ, ಎರಡಲ್ಲ, ಏಳೂ ಹಾಗೆಯೇ ಬಿದ್ದವು. ಚಾಂಪಿಯನ್ ಆಗಿದ್ದಾಗಲೂ ಅವನು ಇಂಥ ಆಟ ಆಡಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೊನ್ನಪ್ಪನಿಗೆ ಅಳು ಬರುವಷ್ಟು ಖುಷಿಯಾಯಿತು. ಹಿಂದಿನಿಂದ ಯಾರೋ "ಇವನಿಗೆ ಕೋಟಾದಲ್ಲಿ ಕೆಲಸ ಕೊಟ್ಟ ಪುಣ್ಯಾತ್ಮ ಯಾರಪ್ಪಾ?" ಎಂದು ನಕ್ಕರು. ಕೊನೆಗೆ ಅವನು ಕರಿ ಚೆಂಡನ್ನು ತೂತಿನ ಬಾಯಿಗೇ ತಂದು ನಿಲ್ಲಿಸಿದ. ಊದಿದರೆ ಬೀಳುವಂತಿತ್ತು. ಸಾನ್ಯಾಲರು ಅದನ್ನೂ ಎರಡು ಸಲ ತಪ್ಪಿಸಿ ಮೂರನೆಯದಕ್ಕೆ ಕೆಡವಿದರು. ಚಪ್ಪಾಳೆಯೋ ಚಪ್ಪಾಳೆ. ಉದ್ಘಾಟನೆಗೆಂದು ತಂದಿಟ್ಟಿದ್ದ ಶಂಖವನ್ನೂ ತೃಪ್ತಿದೀ ಊದಿದಳು.

ಸಾನ್ಯಾಲರು ಹೊನ್ನಪ್ಪನನ್ನು ಚೇಂಬರಿಗೆ ಕರೆದು ಬಾಗಿಲು ಹಾಕಿಕೊಂಡರು.

"ಏಳು ಚೆಂಡು, ಏಳೂ ಅಕಸ್ಮಾತ್ತಾ? ನಾನು ಆಟ ಬಿಟ್ಟೆ ಅಷ್ಟೇ, ಕಣ್ಣು ಕಾಣುತ್ತೆ."

ಹೊನ್ನಪ್ಪ ಕೈ ಮುಗಿದ. "ಸಾರ್, ಹೆಂಡತಿ, ಮಗಳು ಹುಬ್ಬಳ್ಳಿಲಿ... ಎರಡು ವರ್ಷ ಆಯ್ತು ಸಾರ್."

ಸಾನ್ಯಾಲರು ಎದ್ದು ಬಂದು ಅವನನ್ನು ತಬ್ಬಿಕೊಂಡರು. "ಇಂಥ ಆಟ ನಾನು ಜನ್ಮದಲ್ಲಿ ನೋಡಿಲ್ಲ ಬಾಬಾ!" ಎಂದು ಅರ್ಜಿ ಎಳೆದು ಪೆನ್ನು ತೆಗೆದರು. ಹೊನ್ನಪ್ಪನ ಕಣ್ಣು ತುಂಬಿತು.

"ಆ ಟೇಬಲ್ ತರಿಸಿದ್ದು ಯಾರಿಗೆ ಅಂದ್ಕೊಂಡೆ? ಚೇರ್ಮನ್ ಸಾಹೇಬರಿಗೆ. ಮೂರು ತಿಂಗಳಿಗೊಮ್ಮೆ ಬರ್ತಾರೆ, ನನಗಿಂತ ಕೆಟ್ಟದಾಗಿ ಆಡ್ತಾರೆ, ಗೆಲ್ಲಲೇಬೇಕು ಅಂತಾರೆ. ನನ್ನ ಪ್ರಮೋಷನ್ ಅವರ ಕೈಲಿದೆ. ಬೇರೆ ಯಾರು ಬೇಕಂತ ಸೋತರೂ ಊರಿಗೆಲ್ಲ ಗೊತ್ತಾಗುತ್ತೆ. ನೀನು ಸೋತದ್ದು ನನ್ನೊಬ್ಬನಿಗೆ ಬಿಟ್ಟು ಇನ್ಯಾರಿಗೂ ಗೊತ್ತಾಗಲಿಲ್ಲ!"

ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: 'ಅನಿವಾರ್ಯ ಸಿಬ್ಬಂದಿ. ಬಿಡುಗಡೆ ಸಾಧ್ಯವಿಲ್ಲ.'

"ಸಾರ್, ಒಂದು ವೇಳೆ ಗೆದ್ದಿದ್ದರೆ?" ಹೊನ್ನಪ್ಪನ ದನಿ ಕ್ಷೀಣವಾಗಿತ್ತು.

"ಗೆದ್ದಿದ್ದರೆ? ಆ ಸಿಟ್ಟಿಗೆ ಇವತ್ತೇ ಸಹಿ ಹಾಕಿ ಹುಬ್ಬಳ್ಳಿಗೆ ಓಡಿಸ್ತಿದ್ದೆ!"

ಹೊರಗೆ ಬರುತ್ತಲೇ ಫೋನ್ ಹೊಡೆದುಕೊಂಡಿತು.

"ಸೋತ್ರಿಲ್ಲೋ?" ಎಂದಳು ಇಂದಿರಾ.

"ಸೋತೆ."

"ಛಲೋ ಸೋತ್ರಿ?"

"ಅಷ್ಟ ಛಲೋ ಸೋಲಬಾರದಿತ್ತು ನೋಡು" ಎಂದ ಹೊನ್ನಪ್ಪ.