ಪ್ರೌಢರ ಪುಸ್ತಕಕ್ಕಾಗಿ ಅಲೆದದ್ದು

ಒಂದು ಸಾಮಾನಿಗೆ ಹೋಗಿ ಅದನ್ನೇ ತಂದ ಉದಾಹರಣೆ ನನ್ನ ಜೀವನದಲ್ಲಿ ಕಡಿಮೆ. ಸೇಡಂನಲ್ಲಿ ಟೀಚರ್ ಆಗಿರುವ ನಾನು ಐವತ್ತೆರಡನೇ ವಯಸ್ಸಿನಲ್ಲಿ ಮನಃಶಾಸ್ತ್ರದ ಎಂ.ಎ. ಪರೀಕ್ಷೆಗೆ ಕಟ್ಟಿ, ‘ಪ್ರೌಢರ ಮನೋವಿಕಾಸ’ ಎಂಬ ಪೇಪರಿನಲ್ಲಿ ಡುಮ್ಕಿ ಹೊಡೆದೆ. ಸುದ್ದಿ ನನಗಿಂತ ಮೊದಲು ನನ್ನ ಏಳನೇ ತರಗತಿಗೆ ಮುಟ್ಟಿತ್ತು. ಇನ್ನೊಮ್ಮೆ ಫೇಲಾದರೆ ಆ ಮಕ್ಕಳಿಗೆ ‘ಓದ್ರೋ’ ಅನ್ನಲು ನನಗೆ ಮುಖವಿರುತ್ತಿರಲಿಲ್ಲ. ಒಳ್ಳೆಯ ಪುಸ್ತಕ ಬೇಕೇ ಬೇಕಿತ್ತು.

೧. ಸೇಡಂನ ಅಂಗಡಿ

“ಪ್ರೌಢರ ಮನೋವಿಕಾಸ ಅದ ಏನಪಾ?” ಎಂದೆ.

“ಎಂಟನೇದಾ, ಹತ್ತನೇದಾ?” ಎಂದು ಅಂಗಡಿಯವನು ಗೈಡುಗಳ ಕಟ್ಟಿಗೆ ಕೈ ಹಾಕಿದ.

“ಪ್ರೌಢಶಾಲೆದು ಅಲ್ಲ. ದೊಡ್ಡವರದು, ವಯಸ್ಕರದು.”

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಟೀಚರ್, ಅಂಥಾವು ನಾವು ಇಡಂಗಿಲ್ರಿ. ನೀವೇ ನಮಗ ನೀತಿಪಾಠ ಹೇಳಿದೋರು.”

೨. ಚಿತ್ತಾಪುರದ ವಾಚನಾಲಯ

ಇಲ್ಲಿ ಜಾಣತನದಿಂದ, “ವಯಸ್ಕರು ಕಲಿಯೋದು, ಬೆಳೆಯೋದು, ಅಂಥಾ ಪುಸ್ತಕ” ಎಂದೆ. ಅಲ್ಲಿದ್ದ ಹಿರಿಯರು ಖುಷಿಯಿಂದ ದಪ್ಪಕ್ಷರದ ಅ ಆ ಇ ಈ ಪುಸ್ತಕ ತಂದರು. ಇದಲ್ಲವೆಂದು ಬಾಯಿ ತೆರೆಯುವಷ್ಟರಲ್ಲಿ ಮಸಿಪ್ಯಾಡನ್ನೂ ಸರಿಸಿದರು.

“ನಾಚಬ್ಯಾಡ್ರಿ ತಾಯಿ, ಹೆಬ್ಬಟ್ಟು ಒತ್ರಿ. ಮುಂದಿನ ಸಲ ಸಹಿ ಮಾಡೀರಂತ.”

೩. ಶಹಾಬಾದಿನ ಪ್ರೊಫೆಸರ್

ಕೊನೆಗೆ ಶಹಾಬಾದಿನಲ್ಲಿ ನಿವೃತ್ತ ಪ್ರೊಫೆಸರೊಬ್ಬರ ಹತ್ತಿರ ಪುಸ್ತಕ ಇದೆಯೆಂದು ಗೊತ್ತಾಗಿ ಓಡಿದೆ. ಪ್ರೌಢರ ಮನಸ್ಸನ್ನೇ ಮೂವತ್ತು ವರ್ಷ ಪಾಠ ಮಾಡಿದವರು. ನನ್ನನ್ನು ಕುಳ್ಳಿರಿಸಿ, ಎದುರಿಗೇ ಇದ್ದ ಹೆಂಡತಿಯನ್ನು ತೋರಿಸಿ, “ಕಪಾಟಿನ ಕೀಲಿ ಆಕಿ ಹತ್ರ ಅದ. ನೀವೇ ಕೇಳ್ರಿ” ಎಂದರು.

“ಬಾಯಿಬಿಟ್ಟು ಕೇಳಿದ್ರ ಕೊಡ್ತೀನಂತ ಅವರಿಗಿ ಹೇಳ್ರಿ” ಎಂದರು ಆಕೆ.

ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಗಂಡ-ಹೆಂಡತಿ ಎಂಟು ದಿನದಿಂದ ಮಾತು ಬಿಟ್ಟಿದ್ದರು! ಒಂದು ತಾಸು ನಾನು ಅತ್ತಲಿಂದಿತ್ತ ಮಾತು ಸಾಗಿಸಿದೆ. ಯಾರೂ ಸೋಲಲಿಲ್ಲ. ಬಸ್ಸು ತಪ್ಪುತ್ತದೆಂದು ನನಗೇ ಅಳು ಬಂತು. ಆಕೆ ಕರಗಿ, ಕಪಾಟು ತೆಗೆದು ಪುಸ್ತಕ ಕೊಟ್ಟರು. “ಒಯ್ರಿ. ಈ ಮನ್ಯಾಗ ಇದು ಯಾರಿಗೂ ಉಪಯೋಗ ಇಲ್ಲ.”

ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ‘ಅರವತ್ತರ ನಂತರವೂ ಉಳಿಯಬಹುದಾದ ಬಾಲಿಶ ವರ್ತನೆಯನ್ನು ಉದಾಹರಣೆಯೊಂದಿಗೆ ವಿವರಿಸಿ.’ ನಾಲ್ಕು ಪುಟ ಬರೆದೆ. ಪಾಸಾದೆ! ಏಳನೇ ತರಗತಿಯ ಮಕ್ಕಳು ಚಪ್ಪಾಳೆ ತಟ್ಟಿದಾಗ ಕಣ್ಣು ತುಂಬಿ ಬಂತು.

ಪೇಡೆ ಹಿಡಿದು ಪುಸ್ತಕ ಮರಳಿಸಲು ಹೋದೆ. ಪ್ರೊಫೆಸರ್ ಭಾಳ ಹಿಗ್ಗಿದರು. “ಉದಾಹರಣೆ ಯಾವುದು ಬರೆದ್ರಿ?”

ನಾನು ತಡಮಾಡದೆ ಇಡೀ ಪೇಡೆ ಬಾಯಿಗೆ ಹಾಕಿಕೊಂಡೆ.

ಅಡುಗೆಮನೆಯಿಂದ ಆಕೆಯ ದನಿ ಬಂತು: “ಯಾವುದಂತ ನನಗ ಗೊತ್ತದ ಅಂತ ಅವರಿಗಿ ಹೇಳ್ರಿ!”